ಮುಳ್ಳಿಲಿ ಯಾಕೆ ಯಾರ ಕರೆಗೂ ಓಗೊಡುವುದಿಲ್ಲ

ಭೂಮಿ ಆಗಿನ್ನೂ ಹೊಸದು. ಮಣ್ಣಿನ ಹಸಿ ಆರಿರಲಿಲ್ಲ. ಬಂಡೆಯನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಗಾಳಿಗೆ ಮಾತಿತ್ತು, ಹಳ್ಳಕ್ಕೆ ಮಾತಿತ್ತು. ಪ್ರಾಣಿಗಳಿಗಂತೂ ಬಾಯಿ ಮುಚ್ಚಲು ಪುರುಸೊತ್ತೇ ಇರಲಿಲ್ಲ.

ಆ ಕಾಲದಲ್ಲಿ ಕುರುಚಲು ಗುಡ್ಡದ ಕೆಳಗೆ, ಕಾರೆಕಂಟಿಯ ಪೊದೆಗಳ ಬುಡದಲ್ಲಿ, ಸಣ್ಣ ಸಣ್ಣ ಜೀವಗಳ ಒಂದು ಕೇರಿ ಇತ್ತು. ಅಂಗೈಯಗಲದ ಮೈ, ಚೂಪು ಮೂಗು, ಮಂದ ಕಣ್ಣು. ನಾವು ಇವತ್ತು ಅವನ್ನು ಮುಳ್ಳಿಲಿ ಅನ್ನುತ್ತೇವೆ. ಆಗ ಅವಕ್ಕೆ ಮುಳ್ಳಿರಲಿಲ್ಲ. ಇಲಿಯಂತೂ ಅವು ಆಗಲೂ ಅಲ್ಲ, ಈಗಲೂ ಅಲ್ಲ. ಅವು ತಮ್ಮನ್ನು ಮಣ್ಣಮಂದಿ ಎಂದು ಕರೆದುಕೊಳ್ಳುತ್ತಿದ್ದವು. ಮಂದಿ ಅಂದಮೇಲೆ ‘ಅವು’ ಅನ್ನಬಾರದು, ‘ಅವರು’ ಅನ್ನಬೇಕು. ನಾನೂ ಹಾಗೇ ಹೇಳುತ್ತೇನೆ.

ಅವರ ಬೆನ್ನು ಮೆತ್ತಗಿತ್ತು. ಎಕ್ಕದ ಕಾಯಿ ಒಡೆದಾಗ ಹಾರುವ ಬಿಳಿ ಹತ್ತಿಯಷ್ಟು ಮೆತ್ತಗೆ. ಆ ಬೆನ್ನು ನೆನಪಿರಲಿ.

ಮಣ್ಣಮಂದಿಗೆ ಕಣ್ಣು ಮಂದವಾದರೂ ಮೂಗು ಬಲು ಚುರುಕು. ಅದಕ್ಕೇ ಅವರು ಮಕ್ಕಳಿಗೆ ವಾಸನೆಯ ಹೆಸರು ಇಡುತ್ತಿದ್ದರು. ಮಗು ಹುಟ್ಟಿದ ಗಳಿಗೆಯಲ್ಲಿ ಅದರ ಸೋದರತ್ತೆ ಗೂಡಿನ ಬಾಯಿಗೆ ಬಂದು ಮೂಗೆತ್ತಿ ನಿಲ್ಲಬೇಕು. ಗಾಳಿ ಮೊದಲು ಯಾವ ವಾಸನೆ ತರುತ್ತದೋ ಅದೇ ಮಗುವಿನ ಹೆಸರು. ಐದನೆಯ ದಿನ ಆಕೆ ಮಗುವಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಎಂದು ಊದಿ ಆ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತವರೆಲ್ಲ ಆಕೆಯ ಬೆನ್ನಿಗೆ ಒಂದೊಂದು ಗುದ್ದು ಹಾಕಬೇಕು.

ನೋಯುವ ಗುದ್ದಲ್ಲ ಅದು. ನಗುತ್ತ ಹಾಕುವ ಗುದ್ದು. ನಮ್ಮ ಮನೆಗೆ ಒಂದು ಹೆಸರು ತಂದೆಯಲ್ಲ, ತಗೋ, ಅನ್ನುವ ಗುದ್ದು. ನಮ್ಮಲ್ಲಿ ತೊಟ್ಟಿಲ ಮುಂದೆ ಇವತ್ತಿಗೂ ಹಾಕುತ್ತಾರೆ, ನೀವೂ ನೋಡಿರಬಹುದು.

ಆ ಕೇರಿಯಲ್ಲಿ ದವನಕ್ಕ ಅಂತ ಒಬ್ಬಳಿದ್ದಳು. ಅವಳು ಹುಟ್ಟಿದಾಗ ಗಾಳಿ ದವನದ ವಾಸನೆ ತಂದಿತ್ತು. ಅವಳ ತಮ್ಮ ಹೊಗೆಯಪ್ಪ, ಗುಡ್ಡದ ಹುಲ್ಲು ಹೊತ್ತಿ ಉರಿದ ದಿನ ಹುಟ್ಟಿದವನು. ಅವರಿಬ್ಬರನ್ನೂ ಸಾಕಿದ ಅಜ್ಜಿಯ ಹೆಸರು ಮಳೆಯಜ್ಜಿ.

ಗುಡ್ಡದ ಮೇಲೆ ಒಂದು ದೊಣೆ ಇತ್ತು. ದೊಣೆ ಅಂದರೆ ಬಂಡೆಯ ಹೊಟ್ಟೆಯಲ್ಲಿ ನಿಂತ ನೀರು. ಗುಡ್ಡಕ್ಕೆಲ್ಲ ಅದೊಂದೇ ನೀರು. ದೊಣೆಯ ಅಂಚಿನಲ್ಲಿ ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿತ್ತು. ಕೂಗಿದ ಹೆಸರಿಗೆ ‘ಓ’ ಅಂದವರು ಮುಂದೆ ಬಂದು ಕುಡಿಯಬೇಕು. ಕೊಕ್ಕರೆಯನ್ನು ಅಲ್ಲಿ ನಿಲ್ಲಿಸಿದವರು ಯಾರು? ಯಾರೂ ಇಲ್ಲ. ಉದ್ದ ಕಾಲಿತ್ತು, ಹೋಗಿ ನಿಂತಿತು. ನಾಲ್ಕು ದಿನ ನಿಂತಮೇಲೆ ಅದೇ ಕಾಯಿದೆಯಾಯಿತು.

ದೊಣೆಯ ಪಕ್ಕದ ಹಾಸುಬಂಡೆಯ ಮೇಲೆ ದಿನಾ ಸಂಜೆ ದೊಡ್ಡವರು ಸೇರುತ್ತಿದ್ದರು. ಕರಡಿ ನಡುವೆ ಕೂರುತ್ತಿತ್ತು. ಗೊರವಂಕ ಕಥೆ ಹೇಳುತ್ತಿತ್ತು. ಎಲ್ಲರ ದನಿಯನ್ನೂ ಅಣಕಿಸಬಲ್ಲ ಹಕ್ಕಿ ಅದು. ಕರಡಿ ನಕ್ಕರೆ ಎಲ್ಲರೂ ನಗುತ್ತಿದ್ದರು. ಕರಡಿ ಆಕಳಿಸಿದರೆ ಗೊರವಂಕಕ್ಕೆ ಎದೆ ಧಸಕ್ಕೆನ್ನುತ್ತಿತ್ತು. ಯಾಕೆಂದರೆ ಕರಡಿ ಗೆದ್ದಲು ಹುತ್ತ ಒಡೆದಾಗ ಅದಕ್ಕೂ ಪಾಲು ಸಿಗುವುದು ಕಥೆ ಚೆನ್ನಾಗಿದ್ದರೆ ಮಾತ್ರ.

ಒಂದು ದಿನ ಕರಡಿ ಆಕಳಿಸಿತು.

ಮರುದಿನ ಬೆಳಿಗ್ಗೆ ಗೊರವಂಕ ಕಾರೆಕಂಟಿಯ ಮೇಲೆ ಬಂದು ಕೂತಿತು. ಕೆಳಗೆ ದವನಕ್ಕ ಗೂಡಿಗೆ ಒಣ ಎಲೆ ಎಳೆಯುತ್ತಿದ್ದಳು.

“ದವನಕ್ಕಾ, ನಿಮ್ಮ ಕೇರಿಯವರ ಹೆಸರು ಹೇಳು. ಕಥಿಗೆ ಬೇಕಾಗ್ಯಾವ.”

“ನಮ್ಮ ಹೆಸರಾ? ದೊಡ್ಡವರು ಕೇಳೋ ಕಥಿಯೊಳಗಾ?” ದವನಕ್ಕನ ಕೈಯಿಂದ ಎಲೆ ಜಾರಿತು. ಅವಳು ಒಂದೊಂದೇ ಹೆಸರು ಹೇಳಿದಳು. ಯಾವ ಹೆಸರು ಯಾವ ಗಾಳಿಗೆ ಬಂತು, ಯಾರು ಕಿವಿಗೆ ಊದಿದರು, ಬೆನ್ನಿಗೆ ಎಷ್ಟು ಗುದ್ದು ಬಿದ್ದವು, ಎಲ್ಲ ಹೇಳಿದಳು.

ಗೊರವಂಕ ಕತ್ತು ಅಲ್ಲಾಡಿಸಿತು. “ಸಪ್ಪಗದಾವಲ್ಲವ್ವ. ಕೇಳಿದರ ನಗು ಬರಂಗಿಲ್ಲ.”

“ಹೆಸರು ನಗಾಕ ಇರ್ತಾವೇನು?”

“ನಿಮ್ಮಂಥವರ ಹೆಸರು ಮತ್ತ್ಯಾಕ ಇರ್ತಾವ, ಅಕ್ಕಾ?”

ಎಷ್ಟು ಸಿಹಿಯಾಗಿ ಹೇಳಿತೆಂದರೆ, ದವನಕ್ಕನಿಗೆ ಅದು ಹೊಗಳಿಕೆಯ ಹಾಗೇ ಕೇಳಿಸಿತು.

ಆ ಸಂಜೆ ಗೊರವಂಕ ಹೊಸ ಕಥೆ ಹೇಳಿತು. ಕಥೆಯಲ್ಲಿ ಮಾತಾಡುವ ಪುಟ್ಟ ಪುಟ್ಟ ಮಣ್ಣಮಂದಿ. ದವನಕ್ಕ ಅಲ್ಲಿ ‘ಪುಸುಪುಸಿ ಪುಟ್ಟವ್ವ’. ಹೊಗೆಯಪ್ಪ ‘ಉಂಡಿಗುಂಡ ಉರುಳಪ್ಪ’. ಮಳೆಯಜ್ಜಿ ‘ಮೂಗುಮಣ್ಣಜ್ಜಿ’. ಅವರು ನಡೆದರೆ ಎಡವುತ್ತಿದ್ದರು, ಎಡವಿದರೆ ಸಗಣಿಯಲ್ಲಿ ಬೀಳುತ್ತಿದ್ದರು, ಬಿದ್ದರೆ “ಅಯ್ಯೋ, ಎಷ್ಟು ಮೆತ್ತಗಿನ ಹಾಸಿಗಿ!” ಅನ್ನುತ್ತಿದ್ದರು. ಬುದ್ಧಿಯಿಲ್ಲ, ಸಿಟ್ಟಿಲ್ಲ. ಹಸಿವು ಕೂಡ ಒಂದು ತಮಾಷೆ.

ಕರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಂಡೆಯೇ ನಕ್ಕಿತು. ಕೆಳಗೆ ಕಲ್ಲಿನ ಸಂದಿಯಲ್ಲಿ ಕೂತು ಕೇಳುತ್ತಿದ್ದ ಮಣ್ಣಮಂದಿಯೂ ನಕ್ಕರು. ದವನಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಷ್ಟು ದೊಡ್ಡವರ ಬಾಯಲ್ಲಿ ತಾವು ಬಂದೆವಲ್ಲ! ಮರುದಿನ ಗೊರವಂಕಕ್ಕೆ ಒಂದು ಎಲೆಯ ತುಂಬ ಗೆದ್ದಲು ಕೂಡ ಕಳಿಸಿಕೊಟ್ಟಳು.

ಮಳೆಯಜ್ಜಿ ಮಾತ್ರ ನಗಲಿಲ್ಲ.

ಎರಡು ದಿನ ಕಳೆದು ದವನಕ್ಕ ನೀರಿಗೆ ಹೋದಳು. ಕೊಕ್ಕರೆ ಕತ್ತೆತ್ತಿ ಕೂಗಿತು, “ಪುಸುಪುಸಿ ಪುಟ್ಟವ್ವಾ!”

ಸುತ್ತ ನಿಂತವರೆಲ್ಲ ಘೊಳ್ಳೆಂದರು. ದವನಕ್ಕನಿಗೂ ನಗು ತಡೆಯಲಾಗಲಿಲ್ಲ. “ಓ!” ಅಂದಳು. ಮುಂದೆ ಹೋಗಿ ನೀರು ಕುಡಿದಳು.

ಒಂದೇ ಒಂದು ‘ಓ’. ಅವಳು ಮಾಡಿದ ತಪ್ಪು ಅಷ್ಟೇ.

ಮರುದಿನ ಕೊಕ್ಕರೆ ಮತ್ತೆ ಅದನ್ನೇ ಕೂಗಿತು. ದವನಕ್ಕ ನಗುತ್ತಲೇ ಅಂದಳು, “ಸಾಕು ಬಿಡಣ್ಣ ಚಾಷ್ಟಿ. ನನ್ನ ಹೆಸರು ಕರಿ.”

“ಕರೆದೆನಲ್ಲ.”

“ಅದಲ್ಲ. ದವನಕ್ಕ ಅನ್ನು.”

“ಆ ಹೆಸರು ನನ್ನ ಬಾಯಾಗ ಇಲ್ಲ. ನಿನ್ನೆ ಪುಸುಪುಸಿ ಅಂದದ್ದಕ್ಕ ‘ಓ’ ಅಂದಾಕಿ ಯಾರು? ನಿಮ್ಮಜ್ಜಿಯಾ?” ಕೊಕ್ಕರೆ ಇನ್ನೊಂದು ಕಾಲು ಕೆಳಗಿಟ್ಟಿತು. “ಜಲ್ದಿ ಹೇಳು. ಹಿಂದ ಮಂದಿ ಕಾಯಾಕತ್ಯಾರ.”

ಅವಳ ಗಂಟಲು ಒಣಗಿತ್ತು. “ಓ” ಅಂದಳು. ಕುಡಿದಳು. ಆ ನೀರು ಗಂಟಲಲ್ಲಿ ಇಳಿಯುವಾಗ ಮೊದಲ ಸಲ ಅವಳಿಗೆ ನಗು ಬರಲಿಲ್ಲ.

ವಾರ ಕಳೆಯುವುದರೊಳಗೆ ಕೇರಿಯಲ್ಲಿ ಹಳೆಯ ಹೆಸರು ಯಾರಿಗೂ ಉಳಿಯಲಿಲ್ಲ. ಹೊಗೆಯಪ್ಪ ಉಂಡಿಗುಂಡನಾಗಿ ಕುಡಿದ. ಮಿಕ್ಕವರು ಡುಬ್ಬಣ್ಣ, ಬುರುಬುರಿ, ಗುಪ್ಪಟೆ ಅಂತ ಏನೇನೋ ಆಗಿ ಕುಡಿದರು. ಮಕ್ಕಳು ಜಗಳಾಡುವಾಗ ಒಬ್ಬರನ್ನೊಬ್ಬರು ಅದೇ ಹೆಸರಿನಿಂದ ಬೈದುಕೊಂಡರು.

ಮಳೆಯಜ್ಜಿಯ ಸರದಿ ಬಂತು. “ಮೂಗುಮಣ್ಣಜ್ಜೀ!” ಅಂತ ಕೊಕ್ಕರೆ ಕೂಗಿತು. ಅಜ್ಜಿ ನಿಂತಲ್ಲೇ ನಿಂತಳು. ಮತ್ತೆ ಕೂಗಿತು. ಅಜ್ಜಿ ತಿರುಗಿ ಗೂಡಿಗೆ ಬಂದು ಮಲಗಿದಳು.

“ಒಂದು ‘ಓ’ ಅಂದರ ಆತಲ್ಲ ಅಜ್ಜಿ. ಬರೀ ಬಾಯಿಮಾತು,” ಎಂದು ದವನಕ್ಕ ಬೇಡಿಕೊಂಡಳು.

“ಬಾಯಿ ಅವರದು, ಏನರ ಅನ್ನಲಿ. ಕಿವಿ ನಂದಲ್ಲೇನು? ಒಂದು ಸಲ ಒಳಗ ಬಿಟ್ಟರ ಅದು ಮಲಗಾಕ ಜಾಗಾ ಕೇಳ್ತದ ಮಗಳ.”

ದವನಕ್ಕ ದೊಣೆಗೆ ಓಡಿದಳು. ಎಲೆಯ ಮಡಿಕೆಯಲ್ಲಿ ನಾಲ್ಕು ಹನಿ ನೀರು ತಂದು ಅಜ್ಜಿಯ ಬಾಯಿಗೆ ಹಿಡಿದಳು. ಅಜ್ಜಿ ಎಲೆಯನ್ನು ಮೂಸಿದಳು.

“ಯಾವ ಹೆಸರಿಗೆ ಸಿಕ್ಕ ನೀರಿದು?”

ದವನಕ್ಕ ಎಲೆಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಅಜ್ಜಿ ಮುಖ ಆಚೆ ತಿರುಗಿಸಿದಳು.

ಬೆಳಗಿನ ಇಬ್ಬನಿ ನೆಕ್ಕುತ್ತ ಅಜ್ಜಿ ಮೂರು ದಿನ ದೂಡಿದಳು. ವಯಸ್ಸಾದ ಜೀವ. ನಾಲ್ಕನೆಯ ದಿನ ಏಳಲಿಲ್ಲ.

ಆ ಸಂಜೆ ಹಾಸುಬಂಡೆಯ ಮೇಲೆ ಗೊರವಂಕ ಹೊಸದೊಂದು ಕಥೆ ಹೇಳಿತು. ನೀರಿನ ಮುಂದೆಯೇ ಬಾಯಾರಿ ಸತ್ತ ಪೆದ್ದಿ ಮೂಗುಮಣ್ಣಜ್ಜಿಯ ಕಥೆ. ಕರಡಿ ನಕ್ಕು ನಕ್ಕು ಕಣ್ಣೊರೆಸಿಕೊಂಡಿತು. ಕೆಳಗಿನ ಸಂದಿಯಲ್ಲಿ ಕೂತ ಮಣ್ಣಮಂದಿಯಲ್ಲೂ ಕೆಲವರು ಅಭ್ಯಾಸಬಲದಿಂದ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದವನಕ್ಕ ಹಲ್ಲು ಕಚ್ಚಿ ಕೂತಿದ್ದಳು. ಹೆಸರುಗಳನ್ನೆಲ್ಲ ಕೈಯಾರೆ ಕೊಟ್ಟವಳು ಅವಳೇ. ಮೊದಲ ‘ಓ’ ಅಂದವಳೂ ಅವಳೇ. ಅಜ್ಜಿ ಅವಳನ್ನು ಬೈದಿದ್ದರೂ ಚೆನ್ನಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಹೊಗೆಯಪ್ಪನ ಹೆಂಡತಿ ಒಂದು ಗಂಡುಮಗು ಹೆತ್ತಳು. ದವನಕ್ಕ ಗೂಡಿನ ಬಾಯಿಗೆ ಬಂದು ಮೂಗೆತ್ತಿ ನಿಂತಳು. ಗಾಳಿ ಬಂತು. ಅವಳು ಉಸಿರೆಳೆದಳು. ಅವಳ ಮೂಗಿನ ತುದಿ ನಡುಗಿತು.

“ಏನು ಬಂತು ಅಕ್ಕ?” ಒಳಗಿನಿಂದ ಹೊಗೆಯಪ್ಪ ಕೇಳಿದ.

“ಬಂತು,” ಅಂದಳು. ಅಷ್ಟೇ ಅಂದಳು.

ನಾಲ್ಕನೆಯ ದಿನ ಹೊಗೆಯಪ್ಪ ಅಕ್ಕನ ಬಳಿ ಬಂದು ಎಲೆ ಕೆದರುತ್ತ ನಿಂತ. “ಅಕ್ಕಾ, ಗೊರವಂಕ ಆಗಲೇ ಹೆಸರು ಇಟ್ಟೈತಂತ. ಗೋಲಿಗುಪ್ಪ ಅಂತ. ಕೊಕ್ಕರಿಗೂ ಹೇಳ್ಯಾರ. ನಾಳೆ ನೀ ಸುಮ್ಮನ ಅದನ್ನ ಅಂದುಬಿಡು.”

“ನಿನ್ನ ಮಗನ ಕಿವಿಯಾಗ?”

“ನೀರರ ಸಿಗ್ತದಲ್ಲ! ಅಜ್ಜಿ ಹಂಗ ಒಣಗಿ ಸಾಯಬೇಕೇನು ಅದು?” “ನಾ ಏನು ಸಂತೋಷಕ್ಕ ಉಂಡಿಗುಂಡ ಆಗೀನಿ ಅಂದುಕೊಂಡಿಯಾ?”

ದವನಕ್ಕ ತಮ್ಮನ ಬೆನ್ನು ಸವರಿದಳು. ಅವನದೂ ತಪ್ಪಲ್ಲ. ನೀರನ್ನು ಹಿಡಿದಿಟ್ಟವರನ್ನು ಕೇಳಬೇಕಾದ ಮಾತನ್ನು ಬಾಯಾರಿದವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅಂಥ ಕೆಟ್ಟ ಕಾಲ ಅದು. ಈಗ ಒಳ್ಳೆಯ ಕಾಲ ಬಂದಿದೆ ಅಂತ ನಾನು ಹೇಳುತ್ತಿಲ್ಲ.

ಐದನೆಯ ದಿನ ಮಗುವನ್ನು ಎಲೆಯ ಮೇಲೆ ಮಲಗಿಸಿದರು. ಕೇರಿಯವರೆಲ್ಲ ಸುತ್ತ ನಿಂತರು. ಅಷ್ಟರಲ್ಲಿ ಕಂಟಿಗಳು ಮುರಿದ ಸದ್ದಾಯಿತು. ಯಾರೂ ಕರೆಯದೆ ಕರಡಿ ಬಂದಿತ್ತು. ಅದರ ಹೆಗಲ ಮೇಲೆ ಗೊರವಂಕ. ಹಿಂದೆ ಕೊಕ್ಕರೆ, ಹೊಸ ಹೆಸರನ್ನು ಕಿವಿಯಾರೆ ಕೇಳಿಕೊಳ್ಳಲು.

“ಶುರು ಮಾಡ್ರಿ, ಶುರು ಮಾಡ್ರಿ,” ಅಂದಿತು ಗೊರವಂಕ. “ಪುಸುಪುಸಿ ಪುಟ್ಟವ್ವ, ಕೂಸಿಗೆ ಹೆಸರು ಹೇಳು. ಕರಡಿಯಪ್ಪನೋರು ನಗಾಕ ಅಂತನ ಅಷ್ಟು ದೂರದಿಂದ ಬಂದಾರ.”

ದವನಕ್ಕ ಮಗುವಿನ ಮೇಲೆ ಬಾಗಿದಳು. ಕಿವಿಗೆ ಬಾಯಿಟ್ಟಳು. “ಕುರ್ರ್...” ಎಂದು ಊದಿದಳು. ಆಮೇಲೆ ಹೆಸರು ಹೇಳಿದಳು. ಮಗುವಿನ ಕಿವಿ ಎಷ್ಟು ಸಣ್ಣದೋ ಅಷ್ಟು ಸಣ್ಣ ದನಿಯಲ್ಲಿ ಹೇಳಿದಳು. ಪಕ್ಕದಲ್ಲಿ ನಿಂತ ಹೊಗೆಯಪ್ಪನಿಗೂ ಕೇಳಿಸಲಿಲ್ಲ.

“ಏನಂದಿ?” ಅಂದಿತು ಕರಡಿ. “ಗಟ್ಟಿಯಾಗಿ ಹೇಳು.”

“ಕೂಸಿಗೆ ಹೇಳೀನಿ. ಹೆಸರು ಅದರದು.”

“ಗೋಲಿಗುಪ್ಪ ಅಂದ್ಯೋ ಇಲ್ಲೋ?”

“ಇಲ್ಲ.”

ಗೊರವಂಕ ಕರಡಿಯ ಕಿವಿಯಲ್ಲಿ ಪಿಸುಗುಟ್ಟಿತು, “ಹೆಸರು ಹೇಳಿದಾಕಿ ಬೆನ್ನಿಗೆ ಗುದ್ದೋದು ಇವರ ಪದ್ಧತಿ. ಪದ್ಧತಿ ಬಿಡಬಾರದು ಕರಡಿಯಪ್ಪ.”

“ಹೌದಲ್ಲ,” ಅಂದಿತು ಕರಡಿ. ಕೈ ಎತ್ತಿತು.

ನಗುತ್ತ ಹಾಕುವ ಗುದ್ದು ಹೇಗಿರುತ್ತದೆ ಅಂತ ಆಗಲೇ ಹೇಳಿದೆ. ಇದು ಅದಲ್ಲ. ಮೊದಲ ಗುದ್ದಿಗೇ ದವನಕ್ಕನಿಗೆ ಉಸಿರು ಕಟ್ಟಿತು. ಎರಡನೆಯದು ಮಗುವಿನ ಮೇಲೆ ಬೀಳುವುದರಲ್ಲಿತ್ತು. ಅವಳು ಮಗುವನ್ನು ಹೊಟ್ಟೆಗೆ ಎಳೆದುಕೊಂಡು, ಕೈಕಾಲು ಒಳಗೆ ಸೇರಿಸಿ, ಮೂಗನ್ನು ಮಗುವಿನ ಕಿವಿಗೆ ಒತ್ತಿ, ಉಂಡೆಯಾಗಿ ಸುತ್ತಿಕೊಂಡುಬಿಟ್ಟಳು.

“ಹೇಳ್ತಿಯೋ ಇಲ್ಲೋ?” ಗುದ್ದು.

“ಕುರ್ರ್,” ಅಂದಳು ಒಳಗಿನಿಂದ. ಆಮೇಲೆ ಆ ಹೆಸರು, ಮಗುವಿಗೆ ಮಾತ್ರ.

“ಗೋಲಿಗುಪ್ಪ ಅನ್ನು!” ಗುದ್ದು.

“ಕುರ್ರ್.”

ಭೂಮಿ ಹೊಸದಾಗಿತ್ತು ಅಂದೆನಲ್ಲ. ಆಗ ಮೈಗಳೂ ಪೂರ್ತಿ ಗಟ್ಟಿಯಾಗಿರಲಿಲ್ಲ. ನೋವು ಎಲ್ಲಿ ಬಿತ್ತೋ ಅಲ್ಲಿ ಮೈ ಹೊಸದೇನನ್ನೋ ಕಲಿಯುತ್ತಿತ್ತು. ಗುದ್ದು ಬಿದ್ದ ಕಡೆಯಲ್ಲೆಲ್ಲ ದವನಕ್ಕನ ಹತ್ತಿಯಂಥ ಕೂದಲು ಬಿರುಸಾಯಿತು. ಬಿರುಸಾದದ್ದು ನೆಟ್ಟಗಾಯಿತು. ನೆಟ್ಟಗಾದದ್ದು ಚೂಪಾಯಿತು. ಕರಡಿ ಇನ್ನೊಂದು ಸಲ ಕೈ ಎತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಗುದ್ದಿತು.

“ಅಯ್ಯಯ್ಯಯ್ಯೋ!”

ಕೂಗಿದವಳು ದವನಕ್ಕನಲ್ಲ. ಕರಡಿಯ ಅಂಗೈಯಲ್ಲಿ ಹತ್ತಾರು ಮುಳ್ಳು ನಾಟಿದ್ದವು.

ಆಗ ಹೊಗೆಯಪ್ಪ ಮುಂದೆ ಬಂದ. ಕರಡಿಯ ಎದುರಿಗೇ ಅಕ್ಕನ ಪಕ್ಕದಲ್ಲಿ ಕೂತು ಅವನೂ ಉಂಡೆಯಾಗಿ ಸುತ್ತಿಕೊಂಡ. ಅವನ ಹಿಂದೆ ಬಾಣಂತಿ. ಅವಳ ಹಿಂದೆ ಕೇರಿಯವರೆಲ್ಲ, ಒಬ್ಬೊಬ್ಬರಾಗಿ. ದೊಡ್ಡವರು ಸಿಟ್ಟಿನಿಂದ ಒದ್ದರು, ತುಳಿದರು, ಕುಕ್ಕಿದರು. ಪೆಟ್ಟು ಬಿದ್ದ ಬೆನ್ನುಗಳೆಲ್ಲ ಮುಳ್ಳಾದವು. ಕಂಟಿಯ ಕೆಳಗೆ ಮುಳ್ಳಿನ ಉಂಡೆಗಳು ಮಾತ್ರ ಉಳಿದವು. ಒಳಗಿನಿಂದ ಒಂದೇ ಸದ್ದು. ಕುರ್ರ್. ಕುರ್ರ್.

ಗೊರವಂಕಕ್ಕೆ ಪೇಚಾಯಿತು. ಅದು ಗಾಳಿಯನ್ನು ಕೇಳಿತು, “ಏ ಗಾಳಿ, ಆ ಕೂಸು ಹುಟ್ಟಿದಾಗ ನೀನಲ್ಲೇನು ವಾಸನಿ ತಂದಾವ? ಏನು ತಂದಿ, ಹೇಳು.”

“ನಾ ತರಾವ,” ಅಂದಿತು ಗಾಳಿ. “ಹೇಳಾವ ಅಲ್ಲ.” ಇಷ್ಟು ಅಂದು ಗುಡ್ಡ ದಾಟಿ ಹೋಯಿತು.

“ಬ್ಯಾಡ ಬಿಡು. ನಾನ ಇಡ್ತೀನಿ,” ಅಂದಿತು ಗೊರವಂಕ. ಉಂಡೆಗಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿತು. “ಇಲಿ ಹಂಗ ಅದಾವ. ಮುಳ್ಳು ಬಂದಾವ. ಮುಳ್ಳಿಲಿ!”

ಕರಡಿ ಅಂಗೈ ನೆಕ್ಕುತ್ತಲೇ ನಕ್ಕಿತು. ಎಲ್ಲರೂ ನಕ್ಕರು. ನಗುತ್ತಲೇ ಹಾಸುಬಂಡೆಗೆ ಹಿಂತಿರುಗಿದರು. ಕರಡಿಯ ಮೇಲೆ ಯಾವ ಸಿಡಿಲೂ ಬೀಳಲಿಲ್ಲ. ಕೊಕ್ಕರೆ ಮರುದಿನವೂ ಅದೇ ಜಾಗದಲ್ಲಿ ನಿಂತಿತು. ಗೊರವಂಕ ಇಟ್ಟ ಹೆಸರೇ ಉಳಿಯಿತು. ನಾನೂ ಈ ಕಥೆಯ ತಲೆಯ ಮೇಲೆ ಅದನ್ನೇ ಬರೆಯಬೇಕಾಯಿತು, ಮಣ್ಣಮಂದಿ ಅಂದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ.

ಎಲ್ಲರೂ ಹೋದಮೇಲೆ ದವನಕ್ಕ ಮೆಲ್ಲಗೆ ಬಿಚ್ಚಿಕೊಂಡಳು. ಮಗು ಅವಳ ಹೊಟ್ಟೆಯ ಮೆತ್ತನೆ ಕೂದಲಲ್ಲಿ ಮೂಗು ಹುದುಗಿಸಿ ಮಲಗಿತ್ತು. ಅಲ್ಲಿಗೆ ಒಂದು ಪೆಟ್ಟೂ ತಾಗಿರಲಿಲ್ಲ.

ಹೊಗೆಯಪ್ಪ ಅಕ್ಕನ ಹಿಂದೆ ಬಂದು ನಿಂತ. ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

“ಅಕ್ಕಾ, ನಾ ಒಂದು ಗುದ್ದು ಹಾಕಬೇಕಿತ್ತಲ್ಲ. ಮಗನ ಹೆಸರಿಂದು.”

“ಹಾಕಬ್ಯಾಡಪ್ಪ,” ಅಂದಳು ದವನಕ್ಕ. “ಕೈ ನೋಯ್ತದ.”

ಅವತ್ತಿನಿಂದ ಮಣ್ಣಮಂದಿಯಲ್ಲಿ ಯಾರಿಗೂ ಯಾರ ಬೆನ್ನನ್ನೂ ಪ್ರೀತಿಯಿಂದ ಮುಟ್ಟಲಾಗಲಿಲ್ಲ. ಕಿವಿಯಲ್ಲಿ ಹೇಳುವ ಹೆಸರು ಉಳಿಯಿತು, ಗುದ್ದು ಹೋಯಿತು. ಅವರು ದೊಣೆಯ ಕಡೆಗೆ ಮತ್ತೆ ತಲೆ ಹಾಕಲಿಲ್ಲ. ಹುಳುವಿನ ಮೈಯಲ್ಲಿರುವ ಹಸಿ, ಎಲೆಯ ಮೇಲಿನ ಇಬ್ಬನಿ, ಇಷ್ಟರಲ್ಲೇ ಬದುಕಲು ಕಲಿತರು. ಕಲಿಯುವವರೆಗೆ ಎಷ್ಟು ಜನ ಸತ್ತರೋ ಯಾರೂ ಬರೆದಿಟ್ಟಿಲ್ಲ. ಹೆಸರು ಕೂಗುವವರು ಮಲಗಿದ ಮೇಲೆ, ಕತ್ತಲಲ್ಲಿ ಹೊರಗೆ ಬರುವುದನ್ನು ಅಭ್ಯಾಸ ಮಾಡಿಕೊಂಡರು. ಹೊರಗಿನವರ ಜೊತೆ ಮಾತು ಬಿಟ್ಟರು. ಬಿಟ್ಟ ಮಾತು ಮತ್ತೆ ಬರಲಿಲ್ಲ.

ಗೊರವಂಕದ ಕೆಲಸ ನಿಂತಿದೆ ಅಂದುಕೊಳ್ಳಬೇಡಿ. ಬಣ್ಣದ ಪುಸ್ತಕಗಳಲ್ಲಿ ಇವತ್ತಿಗೂ ಅವರಿಗೆ ಕೆಂಪು ಅಂಗಿ ತೊಡಿಸಿ, ಕೈಗೆ ಕೊಡೆ ಕೊಟ್ಟು, ಉಂಡಿಗುಂಡ ಅಂತಲೋ ಗೋಲಿಗುಪ್ಪ ಅಂತಲೋ ಹೆಸರಿಟ್ಟು ಮಾತಾಡಿಸುವವರು ಇದ್ದಾರೆ. ಅವರಲ್ಲಿ ಯಾರೂ ಕಾರೆಕಂಟಿಯ ಬುಡಕ್ಕೆ ಬಂದು, ನಿನ್ನ ಹೆಸರೇನವ್ವ, ಅಂತ ಕೇಳಿಲ್ಲ.

ಮಕ್ಕಳೇ, ಮುಂದೆ ಯಾವತ್ತಾದರೂ ಬದುವಿನ ಮೇಲೋ ಬೇಲಿಯ ಬುಡದಲ್ಲೋ ಆ ಜೀವ ನಿಮಗೆ ಎದುರಾದರೆ, ಏನು ಹೆಸರಿಟ್ಟು ಬೇಕಾದರೂ ಕರೆದು ನೋಡಿ: ಅದು ಓಗೊಡುವುದಿಲ್ಲ, ಮುಳ್ಳಿನ ಬೆನ್ನನ್ನು ನಿಮ್ಮ ಕಡೆ ಮಾಡಿ, ಮೂಗನ್ನು ಹೊಟ್ಟೆಗೆ ಒತ್ತಿ, ಉಂಡೆಯಾಗಿ ಸುತ್ತಿಕೊಳ್ಳುತ್ತದೆ, ಮತ್ತು ಕಿವಿಗೊಟ್ಟು ಕೇಳಿದರೆ ಒಳಗೆ ‘ಕುರ್ರ್’ ಅನ್ನುವ ಸದ್ದು ಕೇಳಿಸುತ್ತದೆ, ಸೋದರತ್ತೆ ಕೊಟ್ಟ ಹೆಸರನ್ನು ಅದು ತನಗೆ ತಾನೇ ಹೇಳಿಕೊಳ್ಳುವ ಸದ್ದು.